ಎಣ್ಣೆ ಒರೆಸಿದವಳು

ಲಿಬಾನ್, ಆ ರೆಕಾರ್ಡರ್ ಇನ್ನಷ್ಟು ಹತ್ತಿರ ಇಡು.
ಎಂಬತ್ತೇಳಕ್ಕೆ ದನಿಯೂ ಹಲ್ಲು ಸವೆದ ಚಕ್ರ,
ಒಮ್ಮೆ ಕಚ್ಚುತ್ತದೆ, ಒಮ್ಮೆ ಜಾರುತ್ತದೆ.

ಯೋಟೆಬೊರಿಯಲ್ಲಿ ಟ್ರ್ಯಾಮು ತಿರುಗುವ ಮೂಲೆ,
ಮೂರನೆಯ ಮಹಡಿ, ಉತ್ತರದ ಕಿಟಕಿ.
ಅಲ್ಲಿ ಕೂತು ಹದಿನಾಲ್ಕು ವರ್ಷ
ನಾನು ಮಾಡಿದ್ದೇನು ಅಂದರೆ
ಎಣ್ಣೆ ಒರೆಸಿದೆ.

ಉಳಿದವರು ಹಾಕುವವರು, ನಾನು ತೆಗೆಯುವವಳು.
ಗಾಳಿಯಿಲ್ಲದ ಕಡೆ ಎಣ್ಣೆ ಆವಿಯಾಗಿ ಎದ್ದು
ಮಸೂರದ ಮೇಲೆ ಕೂರುತ್ತದಂತೆ,
ಮುದಿನಾಯಿಯ ಕಣ್ಣಿನ ಪೊರೆಯ ಹಾಗೆ.
ಲುಂಡೆಲ್ ಮೇಸ್ತ್ರಿ ಹೇಳಿದ್ದು ಇಷ್ಟೆ:
"ಪಾದ್ರಿಯ ಉಪದೇಶದಷ್ಟು ಒಣಗಿರಬೇಕು, ಸಿಗ್‌ಬ್ರಿಟ್."
ಬೆರಳಚ್ಚು ಉಳಿದರೆ ಮತ್ತೆ ಮೊದಲಿಂದ.

ಎಲ್ಲಿಗೆ ಹೋಗುತ್ತದೆಂದು ಯಾರೂ ಬಾಯಿ ಬಿಡಲಿಲ್ಲ.
ನಮಗೆ ಗೊತ್ತಾಗದೇ ಇರುತ್ತದೆಯೇ?
ಚರ್ಮದ ಹೊದಿಕೆ ಕಿತ್ತು ಬೆಳ್ಳಿಬಣ್ಣ ಬಳಿದರು,
ದಪ್ಪ ಕೈಗವಸಿಗೆ ಸಿಗಲೆಂದು
ತಿರುಗಿಸುವ ಬಳೆಗಳಿಗೆ ಕೋಡು ಬಂತು,
ಕೊನೆಗೆ ನೋಡುವ ಕಿಂಡಿಯನ್ನೇ ತೆಗೆದುಹಾಕಿದರು.
ಕಣ್ಣಿಲ್ಲದೆ ಗುರಿ ಇಡುವುದು ಹೇಗೆ, ಎಂದೆ.
ಎದೆಗೆ ಕಟ್ಟಿಕೊಳ್ಳುತ್ತಾರೆ, ಎಂದರು.
ಎದೆ ತಿರುಗಿದ ಕಡೆ ಚಿತ್ರ.

ಆ ರಾತ್ರಿ ಪಾತ್ರೆ ತೊಳೆಯುತ್ತ
ಎದೆ ತಿರುಗಿಸಿ ತಿರುಗಿಸಿ ನೋಡಿದೆ:
ಒಲೆ. ಹೆರಿಂಗ್ ಮೀನಿನ ತಟ್ಟೆ. ಬಾಗಿಲಲ್ಲಿ ಆಲ್ಗೋತ್.

ಆಲ್ಗೋತ್ ನದಿಯಾಚೆ ಹಡಗು ಕಟ್ಟುತ್ತಿದ್ದ.
ಹಗಲೆಲ್ಲ ಎಣ್ಣೆ ಒರೆಸಿ ಬಂದವಳಿಗೆ
ರಾತ್ರಿ ಅವನ ಅಂಗಿ.
ಬಕೆಟ್ಟಿನಲ್ಲಿ ಮುಳುಗಿಸಿದರೆ
ನೀರಿನ ಮೇಲೆ ನವಿಲುಗರಿ.

ಮೀಡಿಯಂ ಫಾರ್ಮ್ಯಾಟ್ ಅಂತಾರಲ್ಲ,
ಕ್ರಿಸ್ಮಸ್ಸಿನ ಶುಂಠಿ ಬಿಸ್ಕತ್ತಿನಗಲದ ನೆಗೆಟಿವ್,
ಅದರ ಮುಂದೆ ಅಷ್ಟೇ ಅಗಲದ ಒಂದು ಗಾಜು.
ಗಾಜಿನೊಳಗೆ ಇಪ್ಪತ್ತೈದು ಕೂಡಿಸುವ ಚಿಹ್ನೆ,
ನಟ್ಟನಡುವಿನದು ತುಸು ದೊಡ್ಡದು.
ಅಳತೆಗೆ, ಎಂದರು ಎಂಜಿನಿಯರುಗಳು.
ನನಗೆ ನೋಡಿದೊಡನೆ ಗುರುತು ಹತ್ತಿತು:
ನಮ್ಮಮ್ಮ ದಿಂಬಿಗೆ ಹಾಕುತ್ತಿದ್ದ ಅಡ್ಡಹೊಲಿಗೆ.
ಮೊದಲು ಅಲ್ಲಲ್ಲಿ ಗುರುತಿಗೊಂದು ಹೊಲಿಗೆ,
ಆಮೇಲೆ ನಡುವೆ ಹೂವು.
ಇವರು ಬರಿ ಗುರುತು ಹಾಕಿ ಕಳಿಸುತ್ತಿದ್ದರು,
ಹೂವು ಅಲ್ಲಿಂದ ಬರಬೇಕಿತ್ತು.

ಜುಲೈಯಲ್ಲಿ ಕಾರ್ಖಾನೆಗೆ ರಜೆ.
ಅವರು ಇಳಿದ ಹೊತ್ತಿಗೆ ನಾವು ದ್ವೀಪದಲ್ಲಿ,
ಟಿವಿ ಇಲ್ಲದ ಮರದ ಗೂಡು,
ಆಲ್ಗೋತ್ ಬಂಗಡೆಗೆ ಗಾಳ ಹಾಕಿ ತೂಕಡಿಸುತ್ತಿದ್ದ.
ನಾನು ಚಿತ್ರ ನೋಡಿದ್ದು ಸೆಪ್ಟೆಂಬರಿನಲ್ಲಿ,
ಹಲ್ಲಿನ ಡಾಕ್ಟರ ಬಳಿ, ಮುದುಡಿದ ವಾರಪತ್ರಿಕೆ.
ಊರೆಲ್ಲ ಮನುಷ್ಯನನ್ನು ನೋಡಿತು.
ನಾನು ಕಪ್ಪು ಆಕಾಶದಲ್ಲಿ ಹೊಲಿಗೆ ಎಣಿಸಿದೆ.
ಹದಿನೇಳಕ್ಕೆ ಬಂದಿದ್ದೆ,
ಒಳಗೆ ಕರೆದರು.

ಕ್ಯಾಮೆರಾ ಅಲ್ಲೇ ಬಿಟ್ಟು ಬಂದರೆಂದು
ತಿಳಿದದ್ದು ಇನ್ನೂ ತಡವಾಗಿ.
ಫಿಲ್ಮಿನ ಡಬ್ಬಿ ಮಾತ್ರ ಬಿಡಿಸಿ ತಂದರು,
ಗಿಡ ಬಿಟ್ಟು ಕಾಯಿ ತರುವಂತೆ.
ಕಲ್ಲಿಗೆ ತೂಕ ಬೇಕಿತ್ತಂತೆ.
ಕಲ್ಲಿಗೆ!
ನಮ್ಮ ಕರಾವಳಿಯಲ್ಲಿ ಕಲ್ಲು ಬಿಟ್ಟು ಬೇರೇನಿದೆ?
ಎರಡು ದಿನ ಊಟ ಸೇರಲಿಲ್ಲ.
ಆಲ್ಗೋತ್ ನಕ್ಕ: "ಇಪ್ಪತ್ತು ವರ್ಷ ಹಡಗು ಕಟ್ಟಿದೆ ಕಣೇ,
ಒಂದಾದರೂ ಕಾಫಿಗೆಂದು ಮನೆಗೆ ಬಂದಿದೆಯಾ?"

ಅವನ ಹಡಗುಕಟ್ಟೆ ಮುಚ್ಚಿತು.
ಈಗ ಅಲ್ಲಿ ಫ್ಲ್ಯಾಟುಗಳು, ಬಾಲ್ಕನಿಯಲ್ಲಿ ಟೊಮೆಟೊ.
ಅವನೂ ಹೋದ, ಒಂದು ಮಾರ್ಚಿಯಲ್ಲಿ, ಹೆಚ್ಚು ಮಾತಿಲ್ಲದೆ.
ಒಂದು ಅಂಗಿ ಇಟ್ಟುಕೊಂಡಿದ್ದೇನೆ.
ಜೇಬಿನ ಕೆಳಗೆ ಕಲೆ.
ಎಷ್ಟು ತಿಕ್ಕಿದರೂ ಹೋಗಿರಲಿಲ್ಲ.
ಈಗ ತಿಕ್ಕುವುದಿಲ್ಲ.

ಅಲ್ಲಿ ಮೇಲೆ ಏನಾಗಿರಬಹುದು, ಅಂತ ಕೇಳಬೇಡ.
ಕಾಯುತ್ತದೆ, ಸುಡುತ್ತದೆ, ಹೆಪ್ಪುಗಟ್ಟುತ್ತದೆ,
ತುಕ್ಕು ಹಿಡಿಯಲಿಕ್ಕೂ ಗಾಳಿ ಬೇಕಲ್ಲ.
ಯಾರ ಎದೆಗೂ ಕಟ್ಟದೆ
ಯಾವ ಕಡೆಗೋ ಮುಖ ಮಾಡಿ ಬಿದ್ದಿರುತ್ತದೆ.

ಏನು, ಕೈಗೇ ಕೊಡುತ್ತೀಯಾ?
ಗಾಜಿನ ಪೆಟ್ಟಿಗೆಯ ಬೀಗ ತೆಗೆಸಿಯೇ ಬಂದೆಯಾ, ಮಗಾ?
ಇದು ಹೋಗದೆ ಉಳಿದದ್ದು, ಜೊತೆಯದು.
ಇರು, ಕಿವಿಗಿಡುತ್ತೇನೆ.
ಮಾತಾಡಬೇಡ.

ಹೂಂ.

ಲಿಬಾನ್, ಯಾರೋ ಇದಕ್ಕೆ ಎಣ್ಣೆ ಹಾಕಿದ್ದಾರೆ.
ಒರೆಸಲು ಬಟ್ಟೆ ಇದೆಯಾ?